ಮೈದುನನಿಗೆ ಉಪಕಾರಸ್ಮರಣೆ

ಸರ್ಕಾರಿ ಪಠ್ಯಪುಸ್ತಕ ಮುದ್ರಣಾಲಯ, ಕರಡು ವಿಭಾಗ
ಮಾರ್ಚ್ 4, ಸ್ವಾತಂತ್ರ್ಯದ ಹದಿನಾರನೇ ವರ್ಷ

ಚೋಟೂ,

ಈ ಹೆಸರು ಹಿಡಿದು ಕರೆದರೆ ನಿನ್ನ ಕಚೇರಿಯವರು ನಗಬಹುದು. ನಗಲಿ. ಒಂಬತ್ತು ವರ್ಷದವನ ತಲೆಯಿಂದ ಹೇನು ಹೆಕ್ಕಿದ ಕೈ ಇದು, ‘ಮಾನ್ಯ ಮುಖ್ಯಸ್ಥರೇ’ ಅಂತ ಬರೆಯಲು ಬಗ್ಗುವುದಿಲ್ಲ.

ಪರಿಹಾರ ಸಂಘದವರು ಎರಡೂ ಕಡೆಯ ಸರ್ಕಾರಗಳ ಕಾಲು ಹಿಡಿದು ಹೊಳೆಯಾಚೆಗೆ ಕಾಗದ ಕಳಿಸಲು ಅಪ್ಪಣೆ ತಂದಿದ್ದಾರೆ. ಒಂದೇ ಹಾಳೆ, ಲಕೋಟೆ ಅಂಟಿಸುವಂತಿಲ್ಲ, ಮನೆ ಸಮಾಚಾರ ಮಾತ್ರ. ಸೇತುವೆಯ ಈ ತುದಿಯಲ್ಲಿ ನಮ್ಮವರು ಓದಿ ಮೊಹರು ಒತ್ತುತ್ತಾರೆ, ಆ ತುದಿಯಲ್ಲಿ ನಿಮ್ಮವರು. ಅಕ್ಷರ ನೆಟ್ಟಗಿರಲಿ ಅಂತ ನಿಧಾನವಾಗಿ ಬರೆಯುತ್ತಿದ್ದೇನೆ, ಪಾಪ ಅವರಿಗೂ ಕಣ್ಣು ನೋಯಬಾರದು.

ನೀನು ಬದುಕಿದ್ದೀಯ ಅಂತ ತಿಳಿದದ್ದು ಹೋದ ತಿಂಗಳು. ನನ್ನ ಕೆಲಸ ಇಲ್ಲಿ ಹಸ್ತಪ್ರತಿಯನ್ನು ಗಟ್ಟಿಯಾಗಿ ಓದುವುದು. ನಾನು ಓದುತ್ತೇನೆ, ಎದುರು ಕೂತವನು ಕರಡಚ್ಚಿನಲ್ಲಿ ತಪ್ಪು ತಿದ್ದುತ್ತಾನೆ. ನಿಮ್ಮ ಕಡೆಯ ಪಾಠಗಳಲ್ಲಿರುವ ಸುಳ್ಳುಗಳಿಗೆ ನಮ್ಮ ಪಾಠಗಳಲ್ಲಿ ಉತ್ತರ ಕೊಡಬೇಕಂತೆ, ಅದಕ್ಕೆ ನಿಮ್ಮ ಪುಸ್ತಕಗಳ ಪಟ್ಟಿಯೊಂದು ನಮ್ಮ ಮೇಜಿಗೆ ಬಂತು. ಓದುತ್ತಾ ಹೋದೆ, ಇತಿಹಾಸದ ಸಾಲಿನಲ್ಲಿ ಸಮಿತಿಯ ಮುಖ್ಯಸ್ಥ ಅಂತ ನಿನ್ನ ಹೆಸರು. ಬಾಯಿಗೆ ಸೆರಗು ಹಿಡಿದೆ. ಎದುರಿನವನು, ‘ಏನಮ್ಮಾ, ಕೆಮ್ಮಾ?’ ಅಂದ. ಹೌದು ಅಂದೆ.

ನಿನ್ನ ಅಣ್ಣ ಹೋಗಿ ಹದಿನಾಲ್ಕು ವರ್ಷ. ಅವನು ಫಿಟ್ಟರಾಗಿದ್ದ ರೈಲ್ವೆ ವರ್ಕ್‌ಶಾಪಿನ ಗೇಟಿನ ಮುಂದೆ ನಡೆದರೆ ಈಗಲೂ ನನ್ನ ಹೆಜ್ಜೆ ನಿಧಾನವಾಗುತ್ತದೆ. ನೀನು ಬದುಕಿದ್ದೀಯಲ್ಲ, ಅಷ್ಟೇ ಸಾಕು. ಎರಡು ಸಾಲು ಬರೆ.

ನಿನ್ನ ಅತ್ತಿಗೆ

---

ಇತಿಹಾಸ ಇಲಾಖೆ, ಮೂರನೇ ಮಹಡಿ
ಏಪ್ರಿಲ್ 19, ಕ್ರಾಂತಿಯ ಹದಿನಾಲ್ಕನೇ ವರ್ಷ

ತಾಯಿಯಂಥ ಅತ್ತಿಗೆಯವರಿಗೆ ನಮಸ್ಕಾರ.

ನಿಮ್ಮ ಕಾಗದ ಕಂಡು ಕಣ್ಣು ತುಂಬಿತು. ಇಲ್ಲಿ ನಾನು ಶ್ರಮಜೀವಿ ಜನತೆಯ ಕೃಪೆಯಿಂದ ಕ್ಷೇಮ. ಶಾಲಾ ಇತಿಹಾಸದ ಸಮಿತಿ ನನ್ನ ಕೈಯಲ್ಲಿದೆ. ಹಾಸ್ಟೆಲಿನ ಊಟ, ಕಿಟಕಿಯಿಂದ ಚೌಕದ ನೋಟ, ಯಾವುದಕ್ಕೂ ಕೊರತೆಯಿಲ್ಲ.

ಅಣ್ಣನನ್ನು ಇಲ್ಲಿ ಯಾರೂ ಮರೆತಿಲ್ಲ. ರೈಲ್ವೆ ಕಾರ್ಮಿಕರ ಸಭಾಭವನಕ್ಕೆ ಅವನದೇ ಹೆಸರು. ಬಾಗಿಲ ಮೇಲೆ ಹಿತ್ತಾಳೆಯ ಅಕ್ಷರ, ಒಂದೊಂದೂ ಒಂದು ಮೊಳ. ಪರದೇಶದ ದೊರೆಗಳನ್ನು ಓಡಿಸಲು ರಾಷ್ಟ್ರವಾದಿಗಳೂ ನಾವೂ, ಎರಡು ಬಾವುಟದವರೂ ಹೆಗಲು ಕೊಟ್ಟೆವು. ಅವರು ಹೋದ ಮೇಲೆ ಸ್ವದೇಶಿ ಸರ್ಕಾರ ಅನ್ನಿಸಿಕೊಂಡದ್ದು ಮೊದಲು ತಿಂದದ್ದು ಅಣ್ಣನಂಥವರನ್ನು. ಇದನ್ನು ನಮ್ಮ ಐದನೇ ತರಗತಿಯ ಮಕ್ಕಳೆಲ್ಲ ಬಾಯಿಪಾಠ ಹೇಳುತ್ತಾರೆ. ಆ ಪಾಠ ಬರೆದವನು ನಾನೇ. ನಿಮಗಾಗಿ ಕೊನೆಯ ಭಾಗ ಇಳಿಸಿದ್ದೇನೆ:

‘ಹಾಲಿನಂಥ ಬಿಳುಪಿನ ಆ ಮಧ್ಯಾಹ್ನ ಪೊಲೀಸರು ಐಸ್ ಕಾರ್ಖಾನೆಯ ಹೊಟ್ಟಿನ ಕೋಣೆಗೆ ನುಗ್ಗಿದರು. ಅಲ್ಲಿ ತಲೆಮರೆಸಿಕೊಂಡಿದ್ದ ಕಾರ್ಮಿಕ ಸಂಘದ ಕಾರ್ಯದರ್ಶಿ ಮರದ ಹೊಟ್ಟಿನ ರಾಶಿಗೆ ಒರಗಿ ಕೂತು, ಕಿತ್ತುಹೋದ ತನ್ನ ಎಡಗಾಲ ಬೂಟನ್ನು ಗೋಣಿ ಹೊಲಿಯುವ ಹಸಿರು ಹುರಿಯಿಂದ ಹೊಲಿಯುತ್ತಿದ್ದ. ಅವನು ಗಾಬರಿಯಾಗಲಿಲ್ಲ. ಕೊನೆಯ ಗಂಟು ಹಾಕಿಯೇ ಎದ್ದ.’

ಅವನನ್ನು ಹಿಡಿಯುವ ಎರಡು ದಿನ ಮೊದಲೇ ನಾನು ಹೊಳೆ ದಾಟಿದ್ದೆ. ಕೊನೆಯ ಬಾರಿ ಅವನ ಪಕ್ಕದಲ್ಲಿ ನಿಲ್ಲುವ ಭಾಗ್ಯ ನನಗಿರಲಿಲ್ಲ ಎಂಬ ಕೊರಗು ಇದ್ದೇ ಇದೆ.

ಅವನ ಫೋಟೋ ಏನಾದರೂ ಉಳಿದಿದ್ದರೆ ಕಳಿಸಿ. ಸಭಾಭವನದಲ್ಲಿ ಹಾಕಿಸುತ್ತೇನೆ.

ನಿಮ್ಮ ಚೋಟು

---

ಮುದ್ರಣಾಲಯ, ಕರಡು ವಿಭಾಗ
ಮೇ 12, ಸ್ವಾತಂತ್ರ್ಯದ ಹದಿನಾರನೇ ವರ್ಷ

ಚೋಟೂ,

ಪಾಠವನ್ನು ಇಪ್ಪತ್ತು ಸಲ ಓದಿದೆ. ಓದುವುದೇ ನನ್ನ ಹೊಟ್ಟೆಪಾಡಲ್ಲವೇ, ಸುಮ್ಮನೆ ಮಡಚಿ ಇಡಲು ಬರುವುದಿಲ್ಲ. ಚೆನ್ನಾಗಿ ಬರೆದಿದ್ದೀಯ. ನಿನ್ನ ಅಣ್ಣ ಕಣ್ಣ ಮುಂದೆ ಕೂತ ಹಾಗಿದೆ. ನಾಲಿಗೆಯ ತುದಿ ಹಲ್ಲಿನ ಸಂದಿಯಲ್ಲಿಟ್ಟು ದಬ್ಬಣ ಚುಚ್ಚುತ್ತಿದ್ದನಲ್ಲ, ಅದನ್ನೊಂದು ಬರೆದಿಲ್ಲ ನೀನು.

ಮನೆಯವಳ ಕುತೂಹಲ ಅಂದುಕೋ. ಆ ಹಸಿರು ಹುರಿಯ ವಿಷಯ ನಿನಗೆ ಹೇಗೆ ತಿಳಿಯಿತು? ಯಾರಾದರೂ ಹೇಳಿದರೇ?

ಫೋಟೋ ಹುಡುಕುತ್ತಿದ್ದೇನೆ.

ನಿನ್ನ ಅತ್ತಿಗೆ

---

ಇತಿಹಾಸ ಇಲಾಖೆ, ಮೂರನೇ ಮಹಡಿ
ಜೂನ್ 8, ಕ್ರಾಂತಿಯ ಹದಿನಾಲ್ಕನೇ ವರ್ಷ

ಅತ್ತಿಗೆ,

ನಿಮ್ಮ ಪ್ರಶ್ನೆ ಓದಿ ನಗು ಬಂತು. ನೀವು ಇನ್ನೂ ಹಾಗೇ ಇದ್ದೀರಿ. ನನ್ನ ಅಂಗಿಯ ಜೇಬು ತಡಕಿ, ಈ ಗೋಲಿ ಎಲ್ಲಿಂದ ಬಂತು ಅಂತ ಕೇಳುತ್ತಿದ್ದಿರಲ್ಲ, ಅದೇ ದನಿ.

ಯಾರು ಹೇಳಬೇಕು? ನಾನೇ ಕಂಡೆ. ಹೊಳೆ ದಾಟುವ ಮೊದಲು ಅಣ್ಣನಿಗೆ ಹೇಳಿ ಹೋಗಲು ಹೊಟ್ಟಿನ ಕೋಣೆಗೆ ಹೋಗಿದ್ದೆ. ಆಗ ಅವನು ಬೂಟು ಹೊಲಿಯುತ್ತಾ ಕೂತಿದ್ದ. ನೀವೇ ಕೊಟ್ಟ ಹುರಿ ಅಂದ. ಅದೇ ಚಿತ್ರ ಮನಸ್ಸಿನಲ್ಲಿ ಉಳಿದಿತ್ತು, ಪಾಠದಲ್ಲಿ ಪೊಲೀಸರು ಬಂದ ದಿನಕ್ಕೆ ಸೇರಿಸಿದೆ. ಬರೆಯುವವರು ಇಷ್ಟು ಸ್ವಾತಂತ್ರ್ಯ ತೆಗೆದುಕೊಳ್ಳುತ್ತಾರೆ. ಇಷ್ಟೇ ಸಂಗತಿ.

ಬಿಸಿಲು ಹೆಚ್ಚು. ಆರೋಗ್ಯ ನೋಡಿಕೊಳ್ಳಿ. ಫೋಟೋ ಮರೆಯಬೇಡಿ.

ಚೋಟು

---

ಮುದ್ರಣಾಲಯ, ಕರಡು ವಿಭಾಗ
ಜೂನ್ 30, ಸ್ವಾತಂತ್ರ್ಯದ ಹದಿನಾರನೇ ವರ್ಷ

ಪ್ರೀತಿಯ ಚೋಟೂ,

ನಿನ್ನ ಉಪಕಾರವನ್ನು ನಾನು ಇಷ್ಟು ವರ್ಷ ನೆನೆಯಲೇ ಇಲ್ಲ. ಕೃತಘ್ನೆ ಅನ್ನಿಸಿಕೊಂಡು ಸಾಯಬಾರದು, ಅದಕ್ಕೆ ಈ ಕಾಗದ.

ನಿನ್ನ ಅಣ್ಣನ ಬೂಟು ಕಿತ್ತದ್ದು ಅವನನ್ನು ಹಿಡಿದ ದಿನದ ಹಿಂದಿನ ಸಂಜೆ. ಊಟದ ಡಬ್ಬಿ ಕೊಡಲು ಹೋದಾಗ ನೋಡಿ ಬಂದೆ. ಮಾರನೆಯ ಬೆಳಗ್ಗೆ ಎಂಟು ಗಂಟೆಗೆ ದಬ್ಬಣವನ್ನೂ ಹಸಿರು ಹುರಿಯನ್ನೂ ಸೆರಗಿನಲ್ಲಿ ಸುತ್ತಿಕೊಂಡು ಹೋಗಿ ಕೊಟ್ಟೆ. ಮಧ್ಯಾಹ್ನ ಹನ್ನೆರಡಕ್ಕೆ ಪೊಲೀಸರು ಬಂದರು. ನಡುವೆ ಇದ್ದದ್ದು ನಾಲ್ಕೇ ಗಂಟೆ, ಅಷ್ಟರೊಳಗೆ ಆ ಹುರಿಯನ್ನು ಕಂಡವರು ಯಾರು? ಹಿಡಿಯಲು ಬಂದವರು ಮತ್ತು ಅವರಿಗೆ ಬಾಗಿಲು ತೋರಿಸಿದವನು. ಎರಡು ದಿನ ಮೊದಲೇ ಹೊಳೆಯಾಚೆ ಇದ್ದವನಿಗೂ ಕಂಡಿತಲ್ಲ, ಎಷ್ಟು ಉದ್ದದ ಕಣ್ಣಪ್ಪಾ ನಿನ್ನದು!

ಆ ದಿನ ನೀನು ನಮ್ಮ ಸ್ವದೇಶಿ ಪೊಲೀಸರಿಗೆ ಮಾಡಿದ ಸಹಾಯ ಸಣ್ಣದಲ್ಲ. ನೀನಿಲ್ಲದಿದ್ದರೆ ಅವರು ಊರೆಲ್ಲ ಜರಡಿ ಹಿಡಿದರೂ ನಿನ್ನ ಅಣ್ಣ ಸಿಗುತ್ತಿರಲಿಲ್ಲ. ಅವರ ಪರವಾಗಿ, ನನ್ನ ಪರವಾಗಿ, ನಮ್ಮ ರಾಷ್ಟ್ರದ ಪರವಾಗಿ ಧನ್ಯವಾದ.

ನೂರು ವರ್ಷ ಬಾಳು.

ನಿನ್ನ ಅತ್ತಿಗೆ

---

ಇತಿಹಾಸ ಇಲಾಖೆ, ನೆಲಮಹಡಿ, ಹಳೆಯ ಕಡತಗಳ ಕೋಣೆ
ಆಗಸ್ಟ್ 2, ಕ್ರಾಂತಿಯ ಹದಿನಾಲ್ಕನೇ ವರ್ಷ

ಅತ್ತಿಗೆ,

ನಿಮ್ಮ ಕಾಗದ ಬಂತು. ವಯಸ್ಸಿನಿಂದ ನಿಮಗೆ ದಿನಗಳ ಲೆಕ್ಕ ತಪ್ಪಿದೆ. ಹುರಿಯನ್ನು ನೀವು ಮೊದಲೇ ಕೊಟ್ಟಿದ್ದಿರಿ. ದಯವಿಟ್ಟು ನೆನಪು ಮಾಡಿಕೊಳ್ಳಿ, ಮಾಡಿಕೊಂಡು ಒಂದು ಸಾಲು ಬರೆಯಿರಿ: ‘ನನಗೆ ತಪ್ಪಿತು’ ಅಂತ. ಒಂದೇ ಸಾಲು ಸಾಕು.

ಇಲ್ಲಿ ನಿಮ್ಮ ಕಾಗದವನ್ನು ನನಗಿಂತ ಮೊದಲು ಮೂರು ಜನ ಓದುತ್ತಾರೆ. ಮನೆ ಸಮಾಚಾರ ಮಾತ್ರ ಬರೆಯಿರಿ. ಕೈ ಮುಗಿಯುತ್ತೇನೆ.

ಚೋಟು

---

ಮುದ್ರಣಾಲಯ, ಕರಡು ವಿಭಾಗ
ಆಗಸ್ಟ್ 20, ಸ್ವಾತಂತ್ರ್ಯದ ಹದಿನಾರನೇ ವರ್ಷ

ಪ್ರೀತಿಯ ಚೋಟೂ,

ಮೂರು ಜನ ಓದುತ್ತಾರೆಯೇ? ಒಳ್ಳೆಯದೇ ಆಯಿತು. ನಿನ್ನ ಉಪಕಾರ ಮೂರು ಜನಕ್ಕೆ ಹೆಚ್ಚಿಗೆ ತಿಳಿಯಿತು. ಅವರಿಗೂ ನನ್ನ ನಮಸ್ಕಾರ ಹೇಳು.

ಮನೆ ಸಮಾಚಾರ ಕೇಳಿದೆಯಲ್ಲ, ಹೇಳುತ್ತೇನೆ. ನಿನ್ನ ಅಣ್ಣನನ್ನು ಹಿಡಿದ ಅಂದಿನ ಇನ್‌ಸ್ಪೆಕ್ಟರು ಈಗ ನಿವೃತ್ತರಾಗಿ ನಮ್ಮ ಬೀದಿಯ ಕೊನೆಯಲ್ಲೇ ಇದ್ದಾರೆ. ಹೂಕುಂಡಗಳಿಗೆ ನೀರು ಹಾಕುತ್ತಾ, ‘ನಿಮ್ಮ ಮೈದುನ ಹೇಗಿದ್ದಾನಮ್ಮಾ? ಬುದ್ಧಿವಂತ ಹುಡುಗ. ಆಚೆ ಹೋದರೂ ನಮ್ಮನ್ನು ಮರೆಯಬಾರದು ಅಂತ ಹೇಳಿದ್ದೆ, ಮರೆಯಲಿಲ್ಲ’ ಅಂದರು. ಏನರ್ಥವೋ ನನಗೆ ಗೊತ್ತಾಗಲಿಲ್ಲಪ್ಪ. ಹೆಂಗಸರಿಗೆ ಇದೆಲ್ಲ ಎಲ್ಲಿ ಗೊತ್ತಾಗುತ್ತದೆ? ಕೇಳಿದ್ದನ್ನು ಹಾಗೇ ಬರೆದಿದ್ದೇನೆ.

ನಿನ್ನ ಕೋಣೆ ಮೂರನೇ ಮಹಡಿಯಿಂದ ಕೆಳಗಿಳಿದಿದೆಯಲ್ಲ. ಒಳ್ಳೆಯದು, ಮೆಟ್ಟಿಲು ಹತ್ತುವ ಕಷ್ಟ ತಪ್ಪಿತು.

ನಿನ್ನ ಅತ್ತಿಗೆ

---

ಜಿಲ್ಲಾ ವಾಚನಾಲಯ
ಅಕ್ಟೋಬರ್ 11, ಕ್ರಾಂತಿಯ ಹದಿನಾಲ್ಕನೇ ವರ್ಷ

ಅತ್ತಿಗೆಯವರಿಗೆ,

ಇನ್‌ಸ್ಪೆಕ್ಟರನ ಮಾತು ನೀವೇ ಹೆಣೆದದ್ದು. ನಿಮಗೂ ಗೊತ್ತು, ನನಗೂ ಗೊತ್ತು. ಇಲ್ಲಿಯವರಿಗೆ ಮಾತ್ರ ಗೊತ್ತಿಲ್ಲ. ಹತ್ತು ವರ್ಷ ಬರೆದ ಪುಸ್ತಕಗಳಿಂದ ನನ್ನ ಹೆಸರು ತೆಗೆದಿದ್ದಾರೆ. ಈಗ ನನ್ನ ಕೆಲಸ ಹಳ್ಳಿಯಿಂದ ಬಂದವರಿಗೆ ದಿನಪತ್ರಿಕೆ ಓದಿ ಹೇಳುವುದು.

ಒಂದು ಮಾತು ಮರೆತಿದ್ದೀರಿ. ಸೇತುವೆಯ ಆ ತುದಿಯಲ್ಲೂ ಓದುವವರಿದ್ದಾರೆ. ನಾನೂ ಉಪಕಾರ ನೆನೆಯಬಲ್ಲೆ. ‘ನಮ್ಮ ಪಕ್ಷಕ್ಕೆ ಇಷ್ಟು ವರ್ಷ ಗುಟ್ಟಾಗಿ ಸುದ್ದಿ ಮುಟ್ಟಿಸಿದ ಕಾಮ್ರೇಡ್ ಅತ್ತಿಗೆಗೆ ಧನ್ಯವಾದ’ ಅಂತ ಒಂದೇ ಸಾಲು. ನಿಮ್ಮ ಕೆಲಸ, ನಿಮ್ಮ ಕೋಣೆ, ಎರಡು ಹೊತ್ತಿನ ಊಟ ಎಲ್ಲ ಹೋಗುತ್ತದೆ. ಬರೆಸಬೇಡಿ.

ಕಡೆಯ ಸಲ ಕೇಳುತ್ತಿದ್ದೇನೆ, ನಿಲ್ಲಿಸಿ.

---

ಮುದ್ರಣಾಲಯ, ಕರಡು ವಿಭಾಗ
ನವೆಂಬರ್ 3, ಸ್ವಾತಂತ್ರ್ಯದ ಹದಿನಾರನೇ ವರ್ಷ

ಚೋಟೂ,

ಬರೆ. ಕೈ ನಡುಗಿದರೆ ಹೇಳು, ಗಟ್ಟಿಯಾಗಿ ಓದಿ ಬರೆಸುತ್ತೇನೆ, ಅದೇ ನನ್ನ ಕಸುಬು.

ನನ್ನನ್ನು ಏನಂತ ಹೆದರಿಸುತ್ತೀಯ? ನಿನ್ನ ಅಣ್ಣನ ಹೆಣ ಬಂದ ಹನ್ನೊಂದನೇ ದಿನ ನನ್ನನ್ನು ವರ್ಕ್‌ಶಾಪಿನ ಗೇಟಿನ ಮುಂದೆ ಸ್ಟೂಲಿನ ಮೇಲೆ ನಿಲ್ಲಿಸಿದರು. ಕೈಗೊಂದು ಕಾಗದ ಕೊಟ್ಟರು. ‘ದೇಶದ್ರೋಹಿಯಾದ ಇವನು ನನ್ನ ಗಂಡನಲ್ಲ, ನಾನು ಅವನ ಹೆಂಡತಿಯಲ್ಲ, ನನಗೆ ರಾಷ್ಟ್ರವೇ ದೊಡ್ಡದು’ ಅಂತ ನಾನೂರು ಜನರೆದುರು ಓದಿ ಸಹಿ ಹಾಕಿದೆ. ಅವನ ಜೊತೆ ಕೆಲಸ ಮಾಡಿದವರು ತಲೆ ತಗ್ಗಿಸಿ ಕೇಳಿದರು. ದನಿ ಚೆನ್ನಾಗಿದೆ, ಉಚ್ಚಾರ ಸ್ಪಷ್ಟವಾಗಿದೆ ಅಂತ ಮಾರನೆಯ ವಾರ ಮುದ್ರಣಾಲಯದಲ್ಲಿ ಕೆಲಸ ಕೊಟ್ಟರು. ಈ ಅನ್ನ ಹಾಗೆ ಬಂದದ್ದು. ಹದಿನಾಲ್ಕು ವರ್ಷದಿಂದ ಒಂದೊಂದು ತುತ್ತೂ ಗಂಟಲಲ್ಲಿ ನಿಂತು ಇಳಿದಿದೆ. ಅದನ್ನು ಕಿತ್ತುಕೊಳ್ಳುತ್ತೀಯ? ಕಿತ್ತುಕೋ, ಗಂಟಲಿಗೆ ಹಾಯೆನಿಸುತ್ತದೆ.

ನಮಗೆ ಮಕ್ಕಳಾಗಲಿಲ್ಲ, ನೀನಿದ್ದೀಯಲ್ಲ ಅಂತ ನಾವು ಡಾಕ್ಟರ ಹತ್ತಿರವೂ ಹೋಗಲಿಲ್ಲ. ಜ್ವರ ಬಂದಾಗ ನಿನ್ನನ್ನು ಬೆನ್ನ ಮೇಲೆ ಹೊತ್ತು ಅವನು ಎರಡು ಪಾಳಿ ಮಾಡಿದ್ದಾನೆ. ಲೇತ್ ಮಿಷಿನ್ನಿನ ಪಕ್ಕ ಹಳೆಯ ಕೋಟಿನ ಮೇಲೆ ಮಲಗಿಸಿಕೊಂಡು ಕೆಲಸ ಮಾಡಿದ್ದಾನೆ. ಅವನಿಗೆ ಬಾಗಿಲು ತೋರಿಸಿದ ಕೈಯಲ್ಲೇ ಅವನ ಪಾಠ ಬರೆದೆ. ಅದನ್ನು ಮಕ್ಕಳ ಬಾಯಲ್ಲಿ ಹೇಳಿಸಿ ಮೂರು ಮಹಡಿ ಹತ್ತಿದೆ. ನನ್ನ ಹೊಟ್ಟೆ ಉರಿಯುತ್ತಿರುವುದು ಅದಕ್ಕೆ. ನೀನು ಅಲ್ಲೇ ಎಲ್ಲಾದರೂ ಮುಖ ಮರೆಸಿಕೊಂಡು ಬದುಕಿದ್ದರೆ ನಾನು ಹುಡುಕುತ್ತಲೂ ಇರಲಿಲ್ಲ.

ಅಂದ ಹಾಗೆ, ಇನ್‌ಸ್ಪೆಕ್ಟರು ಮತ್ತೆ ನಿನ್ನನ್ನು ಕೇಳಿದರು. ಅವರು ಕಳಿಸಿದ ಪೊಟ್ಟಣ ತಲುಪಿತೇ ಅಂತ.

ನಿನ್ನ ಅತ್ತಿಗೆ

---

ಇಟ್ಟಿಗೆ ಕಾರ್ಖಾನೆ, ಆರನೇ ಸಾಲು
ಫೆಬ್ರವರಿ 17

ಅತ್ತಿಗೆ,

ಇದನ್ನು ತನಿಖಾಧಿಕಾರಿ ಎದುರಿಗೆ ಕೂತು ಬರೆಸುತ್ತಿದ್ದಾರೆ. ಏನು ಬೇಕಾದರೂ ಬರೆ, ಅವಳು ಉತ್ತರ ಬರೆಯುವ ಹಾಗಿರಬೇಕು, ಅಷ್ಟೇ ಅವರ ಷರತ್ತು. ಹಾಗಾಗಿ ಮೊದಲ ಸಲ ನಿಜ ಬರೆಯುತ್ತಿದ್ದೇನೆ.

ನಾನೇ ತೋರಿಸಿದೆ.

ದೋಣಿಕಟ್ಟೆಯಲ್ಲಿ ನನ್ನನ್ನು ಹಿಡಿದರು. ಎರಡು ದಿನ ಹೊಡೆದರು. ನನಗೆ ಇಪ್ಪತ್ತೆರಡು ವರ್ಷ. ಅಣ್ಣನನ್ನು ಗಡೀಪಾರು ಮಾಡುತ್ತೇವೆ ಅಷ್ಟೇ, ಕೂದಲೂ ಕೊಂಕುವುದಿಲ್ಲ ಅಂದರು. ನಂಬಿದೆ. ನಂಬಿದ ಹಾಗೆ ಮಾಡಿದೆ, ಅನ್ನುವುದು ಸರಿ. ಮೂರನೆಯ ದಿನ ಅವರ ಮುಂದೆ ನಡೆದೆ. ಬಾಗಿಲು ತೆಗೆದಾಗ ಅವನು ಬೂಟು ಹೊಲಿಯುತ್ತಿದ್ದ. ತಲೆಯೆತ್ತಿ ನೋಡಿದ. ಪೊಲೀಸರನ್ನಲ್ಲ, ನನ್ನನ್ನು. ನನ್ನ ತುಟಿ ಒಡೆದಿತ್ತು. ‘ಊಟ ಆಯ್ತೇನೋ?’ ಅಂದ. ಬೇರೇನೂ ಅನ್ನಲಿಲ್ಲ. ಸಂಜೆ ನನ್ನನ್ನು ದೋಣಿ ಹತ್ತಿಸಿದರು.

ಪಾಠದಲ್ಲಿ ಆ ಹುರಿಯನ್ನು ಯಾಕೆ ಬರೆದೆ ಅಂತ ಇಲ್ಲಿ ಎಲ್ಲರೂ ಕೇಳುತ್ತಾರೆ. ಹದಿನಾಲ್ಕು ವರ್ಷದಲ್ಲಿ ನನಗೆ ನಿಜವಾಗಿ ಗೊತ್ತಿದ್ದದ್ದು ಅದೊಂದೇ. ಉಳಿದದ್ದೆಲ್ಲ ಸಮಿತಿ ಒಪ್ಪಿದ ಮಾತು. ಎಲ್ಲಾದರೂ ಅದನ್ನು ಇಳಿಸಬೇಕಿತ್ತು.

ಸಭಾಭವನದ ಮೇಲಿನ ಅಕ್ಷರಗಳನ್ನು ಕಿತ್ತರು. ಗೂಢಚಾರರ ಮನೆತನಕ್ಕೆ ಹಿತ್ತಾಳೆ ಯಾಕೆ ಅಂದರಂತೆ. ಈಗ ಗೋಡೆಯ ಮೇಲೆ ಮೊಳೆಯ ತೂತುಗಳಿವೆ. ಪಾಠವನ್ನೂ ತೆಗೆದರು. ನಿಮಗೆ ಹೇಳಬಾರದು ಅಂದುಕೊಂಡಿದ್ದೆ.

ಇನ್ನೊಂದು ಮಾತು. ನಿಮ್ಮ ಕಾಗದಗಳ ವಿಚಾರಣೆ ಇದ್ದ ದಿನ ನನ್ನನ್ನು ಸಾಲಿನಿಂದ ಕರೆಸಿ ಈ ಕೋಣೆಯಲ್ಲಿ ಕುರ್ಚಿಯ ಮೇಲೆ ಕೂರಿಸುತ್ತಾರೆ. ಒಂದೊಂದು ಸಾಲನ್ನೂ ಗಟ್ಟಿಯಾಗಿ ಓದಿ, ಇದರ ಅರ್ಥವೇನು, ಪೊಟ್ಟಣ ಎಲ್ಲಿ ಅಂತ ಕೇಳುತ್ತಾರೆ. ಹೊಡೆಯುವುದಿಲ್ಲ. ಬಿಸಿನೀರು ಕೊಡುತ್ತಾರೆ. ಅರ್ಧ ದಿನ ಇಟ್ಟಿಗೆ ಹೊರುವುದು ತಪ್ಪುತ್ತದೆ. ಇಲ್ಲಿಯ ಧೂಳಿಗೆ ನನ್ನ ಎದೆ ಹಿಡಿದಿದೆ, ನನ್ನ ಸಾಲಿನ ನಾಲ್ವರು ಚಳಿ ಕಳೆಯುವುದರೊಳಗೆ ಹೋದರು. ಕಾಗದ ಬರುತ್ತಿರುವವರೆಗೆ ನನ್ನ ವಿಚಾರಣೆ ಮುಗಿಯುವುದಿಲ್ಲ. ವಿಚಾರಣೆ ಮುಗಿದವರನ್ನು ಗಣಿಗೆ ಕಳಿಸುತ್ತಾರೆ, ಅಲ್ಲಿಂದ ತಿರುಗಿ ಬಂದವರನ್ನು ನಾನು ಕಂಡಿಲ್ಲ.

ಆದ್ದರಿಂದ ಬರೆಯಿರಿ. ಬೈದು ಬರೆಯಿರಿ. ಇನ್‌ಸ್ಪೆಕ್ಟರನ ಮೇಲೆ ಇನ್ನಷ್ಟು ಕಥೆ ಕಟ್ಟಿ. ಏನಾದರೂ ಸರಿ, ತಿಂಗಳಿಗೊಂದು ಹಾಳೆ. ನಾನು ನಿಮ್ಮ ಮೇಲೆ ಏನೂ ಬರೆಯಲಿಲ್ಲ, ಬರೆಯುವುದೂ ಇಲ್ಲ.

ಚೋಟು

---

ಮುದ್ರಣಾಲಯ, ಕರಡು ವಿಭಾಗ
ಮಾರ್ಚ್ 29

ಚೋಟೂ,

‘ಊಟ ಆಯ್ತೇನೋ’ ಎಂಬಲ್ಲಿಗೆ ಬಂದು ನನ್ನ ಓದು ನಿಂತಿತು. ಎರಡು ದಿನ ಮುಂದಕ್ಕೆ ಹೋಗಲಿಲ್ಲ. ಅವನ ದನಿ ಮರೆತುಹೋಗಿತ್ತು ನನಗೆ. ನೀನು ತಂದುಕೊಟ್ಟೆ. ಇದಕ್ಕೆ ಮಾತ್ರ ನಿಜವಾಗಿ ಉಪಕಾರ ನೆನೆಯುತ್ತೇನೆ.

ಅವನು ನಿನ್ನನ್ನು ಆ ಬಾಗಿಲಲ್ಲೇ ಕ್ಷಮಿಸಿದ. ಗೊತ್ತಾಯಿತು. ಅವನು ಹಾಗೇ. ಸಂಬಳ ಹಿಡಿದ ಮೇಸ್ತ್ರಿಗೂ ಬೀಡಿ ಹಚ್ಚಿಕೊಡುತ್ತಿದ್ದ. ಅದಕ್ಕಾಗಿ ಅವನ ಜೊತೆ ಎಷ್ಟು ಜಗಳವಾಡಿದ್ದೇನೆ ನಾನು.

ಹಿತ್ತಾಳೆಯ ಅಕ್ಷರಗಳ ಸುದ್ದಿ ಓದಿ ಎದೆಗೆ ಗುದ್ದಿಕೊಂಡೆ. ಈಚೆ ದಡದಲ್ಲಿ ಅವನ ಹೆಸರನ್ನು ಅಳಿಸಿದವಳು ನಾನು, ಸ್ಟೂಲಿನ ಮೇಲೆ ನಿಂತು. ಆಚೆ ದಡದಲ್ಲೂ ನಾನೇ ಅಳಿಸಿದೆ, ಕೂತು ಬರೆದು. ಇಡೀ ಲೋಕದಲ್ಲಿ ಅವನ ಹೆಸರಿದ್ದದ್ದು ಅದೊಂದು ಬಾಗಿಲ ಮೇಲೆ. ನಿನ್ನನ್ನು ಸುಡಲು ಹಚ್ಚಿದ ಬೆಂಕಿ ಅವನ ಮನೆಗೂ ತಾಗಿತು. ಇದಕ್ಕೂ ನಿನ್ನನ್ನೇ ದೂರಬೇಕು ಅಂತ ಮನಸ್ಸು ಹಟ ಮಾಡುತ್ತದೆ, ಪೂರ್ತಿ ಆಗುವುದಿಲ್ಲ.

ನಾಲ್ಕು ಹಾಳೆ ಬರೆದು ಹರಿದೆ. ಒಂದರಲ್ಲಿ ಬೈದೆ. ಒಂದರಲ್ಲಿ ಪೊಟ್ಟಣದ ಕಥೆ ಮುಂದುವರಿಸಿದೆ. ಒಂದರಲ್ಲಿ, ಸುಳ್ಳು ಹೇಳುವುದಿಲ್ಲ, ‘ಎದೆಗೆ ಬೆಚ್ಚಗೆ ಬಟ್ಟೆ ಸುತ್ತಿಕೋ’ ಅಂತ ಬರೆದೆ. ಕೈ ಹಳೆಯ ಅಭ್ಯಾಸದಲ್ಲಿ ಬರೆದುಬಿಟ್ಟಿತ್ತು. ನಾಲ್ಕನೆಯದರಲ್ಲಿ ಏನಿತ್ತು ಅಂತ ನಿನಗೆ ಹೇಳುವುದಿಲ್ಲ. ಬೈದರೂ ನಿನಗೆ ಕುರ್ಚಿ. ಹೊಗಳಿದರೂ ಕುರ್ಚಿ. ಕ್ಷಮಿಸಿದರೂ ಅದೇ ಕುರ್ಚಿ, ಅದೇ ಬಿಸಿನೀರು. ನನ್ನ ಕೈಯಿಂದ ಏನು ಹೊರಟರೂ ನಿನಗೆ ಅರ್ಧ ದಿನದ ಆಯುಸ್ಸು. ನಿನ್ನ ಅಣ್ಣನನ್ನು ಜೈಲಿನಲ್ಲಿ ಮೂರು ದಿನ ನಿಲ್ಲಿಸಿಯೇ ಇಟ್ಟಿದ್ದರು. ಹೆಣ ತೊಳೆದವಳು ನಾನು, ಅವನ ಕಾಲು ನೋಡಿದವಳು ನಾನು. ಕೂರಲು ಬಿಟ್ಟಿದ್ದರೆ ಬದುಕುತ್ತಿದ್ದ ಅಂತ ಜೈಲಿನ ಕಾಂಪೌಂಡರೇ ಹೇಳಿದ.

ಇವತ್ತಿನ ಈ ಹಾಳೆಗೆ ನೀನು ಕೂತಿರುತ್ತೀಯ. ಕೂತು ಕೇಳು.

ಈ ತುದಿಯಲ್ಲಿ ಓದುವ ನಮ್ಮ ಕಡೆಯವರೇ, ಕೆಳಗಿನ ಸಹಿಯನ್ನು ಸರಿಯಾಗಿ ನೋಡಿ. ಹದಿನಾಲ್ಕು ವರ್ಷದ ಹಿಂದೆ ಗೇಟಿನ ಮುಂದೆ ಓದಿದ್ದನ್ನು ನಾನು ಹಿಂದಕ್ಕೆ ತೆಗೆದುಕೊಂಡಿದ್ದೇನೆ. ನಾಳೆ ಬೆಳಗ್ಗೆ ಕೆಲಸಕ್ಕೆ ಬರುತ್ತೇನೆ. ಬಾಗಿಲಲ್ಲೇ ತಡೆಯುವುದಿದ್ದರೆ ತಡೆಯಿರಿ.

ಆ ತುದಿಯ ತನಿಖಾಧಿಕಾರಿಗಳಿಗೆ: ಪೊಟ್ಟಣ ಇಲ್ಲ. ಇನ್‌ಸ್ಪೆಕ್ಟರು ಸತ್ತು ಎಂಟು ವರ್ಷವಾಯಿತು. ಇವನು ನಿಮ್ಮ ಮೇಲೆ ಬೇಹು ನಡೆಸಲಿಲ್ಲ, ಆ ಧೈರ್ಯ ಇವನಿಗಿಲ್ಲ. ಅಣ್ಣನನ್ನು ತೋರಿಸಿಕೊಟ್ಟ, ಅದು ನಿಜ, ಅದನ್ನು ಇವನೇ ಒಪ್ಪಿದ್ದಾನೆ. ಇನ್ನು ನನ್ನಿಂದ ನಿಮಗೆ ಕಾಗದ ಬರುವುದಿಲ್ಲ, ಕೇಳುವುದಕ್ಕೂ ಏನೂ ಉಳಿದಿಲ್ಲ. ವಿಚಾರಣೆ ಮುಗಿಸಿಬಿಡಿ.

ಫಿಟ್ಟರನ ಹೆಂಡತಿ